ಅಪ್ಪನಿಗೆ ಮೂರು ತಿಂಗಳು, ಅಮ್ಮನಿಗೆ ಮೂರು ವರ್ಷ: ಒಬ್ಬ ಯೋಧನ ರಜೆ ಅರ್ಜಿಯ ಕಥೆ

2005ರ ಅಕ್ಟೋಬರ್ 11ರಂದು ರಷ್ಯಾದ ಸೇನೆಯ 41480 ಸಂಖ್ಯೆಯ ಘಟಕದಲ್ಲಿ ಒಂದು ರಜೆ ಅರ್ಜಿ ಸಲ್ಲಿಕೆಯಾಯಿತು. ಅರ್ಜಿದಾರರು ರೇಡಿಯೊ ಗುಪ್ತಚರ ವಿಭಾಗದ ಕಾನ್‌ಸ್ಟಂಟಿನ್ ಮಾರ್ಕಿನ್. ಕೇಳಿದ್ದು 3 ವರ್ಷಗಳ ಶಿಶುಪಾಲನಾ ರಜೆ. ಮನೆಯಲ್ಲಿ ಮೂವರು ಮಕ್ಕಳು, ಕೊನೆಯದು ಹುಟ್ಟಿ ಇನ್ನೂ 11 ದಿನ. ಮರುದಿನವೇ ಉತ್ತರ ಬಂತು: ಈ ರಜೆ ಮಹಿಳಾ ಸಿಬ್ಬಂದಿಗೆ ಮಾತ್ರ. ಸರ್ಕಾರಿ ಕಡತ ಇಷ್ಟು ಚುರುಕಾಗಿ ಓಡುವುದು ಹೆಚ್ಚಾಗಿ ‘ಇಲ್ಲ’ ಅನ್ನಬೇಕಾದಾಗಲೇ ಇರಬೇಕು.

ಈ ‘ಇಲ್ಲ’ ಮುಂದೆ ಸ್ಟ್ರಾಸ್‌ಬರ್ಗ್‌ನ ಯೂರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠದವರೆಗೆ ಹೋಯಿತು. ‘ಮಾರ್ಕಿನ್ ವಿರುದ್ಧ ರಷ್ಯಾ’ ಎಂಬ ಆ ತೀರ್ಪು, ಸೇನೆಯಲ್ಲಿರುವ ಗಂಡಸಿಗೆ ಮಗು ಸಾಕಲು ರಜೆ ನಿರಾಕರಿಸುವುದು ಲಿಂಗತಾರತಮ್ಯವೇ ಎಂಬ ಪ್ರಶ್ನೆಗೆ ಇಂದಿಗೂ ಮೊದಲು ತೆಗೆದು ನೋಡಬೇಕಾದ ಪ್ರಕರಣ. ತೀರ್ಪಿನ ಸಾರವನ್ನು ಎರಡು ಸಾಲಿನಲ್ಲಿ ಹೇಳಿಬಿಡಬಹುದು. ಆದರೆ ಅಲ್ಲಿಗೆ ತಲುಪುವ ಮುಂಚಿನ ಆರು ವರ್ಷಕ್ಕೂ ಹೆಚ್ಚಿನ ಓಡಾಟದಲ್ಲೇ ಪ್ರಕರಣದ ತಿರುಳಿದೆ. ಹಾಗಾಗಿ ಅದನ್ನು ನಿಧಾನವಾಗಿ ಹೇಳುತ್ತೇನೆ.

ಮಾರ್ಕಿನ್ ಸೇನೆಯ ಗುತ್ತಿಗೆಗೆ ಸಹಿ ಹಾಕಿದ್ದು 2004ರ ಮಾರ್ಚ್ 27ರಂದು. ಎರಡು ಪುಟದ ಸಿದ್ಧ ಮುದ್ರಿತ ನಮೂನೆ. ಕಾನೂನಿನ ಷರತ್ತುಗಳಿಗೆ ಒಪ್ಪಿ ಸೇವೆ ಸಲ್ಲಿಸುತ್ತೇನೆ ಎನ್ನುವಷ್ಟೇ ಒಕ್ಕಣೆ. ಅವರ ಹುದ್ದೆಯಂಥದ್ದೇ ಹುದ್ದೆಗಳಲ್ಲಿ ಮಹಿಳೆಯರೂ ಇದ್ದರು. ಅವರು ಇಲ್ಲದ ದಿನ ಎಷ್ಟೋ ಸಲ ಮಹಿಳಾ ಸಿಬ್ಬಂದಿಯೇ ಅವರ ಪಾಳಿ ನೋಡಿಕೊಳ್ಳುತ್ತಿದ್ದರು. ಈ ಸಣ್ಣ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2005ರ ಸೆಪ್ಟೆಂಬರ್ 30ರಂದು ಮೂರನೇ ಮಗು ಹುಟ್ಟಿತು. ಅದೇ ದಿನ ನ್ಯಾಯಾಲಯ ಗಂಡ ಹೆಂಡತಿಗೆ ವಿಚ್ಛೇದನ ಕೊಟ್ಟಿತು. ಅಕ್ಟೋಬರ್ 6ರಂದು ಇಬ್ಬರೂ ಒಂದು ಒಪ್ಪಂದ ಬರೆದುಕೊಂಡರು: ಮೂವರು ಮಕ್ಕಳೂ ತಂದೆಯ ಬಳಿ ಇರುವುದು, ತಾಯಿ ಜೀವನಾಂಶ ಕೊಡುವುದು. ತಾಯಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟುಹೋದರು ಎಂಬುದು ಮಾರ್ಕಿನ್ ಹೇಳಿಕೆ.

ಹೆರಿಗೆಯ ದಿನವೇ ವಿಚ್ಛೇದನವೇ ಎಂದು ಯಾರಾದರೂ ಹುಬ್ಬೇರಿಸುತ್ತಾರೆ. ರಷ್ಯಾ ಸರ್ಕಾರವೂ ಏರಿಸಿತು. ಇದು ರಜೆಗಾಗಿ ಹೂಡಿದ ನಾಟಕ, ಇಬ್ಬರೂ ಒಟ್ಟಿಗೇ ಇದ್ದರು ಎಂದು ವಾದಿಸಿತು. ಇಬ್ಬರೂ 2008ರಲ್ಲಿ ಮತ್ತೆ ಮದುವೆಯಾದದ್ದು, 2010ರಲ್ಲಿ ನಾಲ್ಕನೇ ಮಗು ಹುಟ್ಟಿದ್ದು ಸರ್ಕಾರದ ವಾದಕ್ಕೆ ಒದಗಿಬಂತು. ಪ್ರಕರಣದ ಬಗ್ಗೆ ಬರೆಯುವವರು ಈ ಭಾಗವನ್ನು ಸಾಮಾನ್ಯವಾಗಿ ಮೆಲ್ಲಗೆ ದಾಟಿಬಿಡುತ್ತಾರೆ. ನನಗೆ ಇದನ್ನು ಮೊದಲೇ ಹೇಳುವುದು ಸರಿ ಅನ್ನಿಸುತ್ತದೆ. ಆ ವಿಚ್ಛೇದನ ನಿಜವೋ ನಾಟಕವೋ, ಕೊನೆಗೆ ತೀರ್ಪು ಅದರ ಮೇಲೆ ನಿಲ್ಲಲಿಲ್ಲ.

ಈಗ ಕಾನೂನು. ರಷ್ಯಾದ ಕಾರ್ಮಿಕ ಸಂಹಿತೆ ನಾಗರಿಕ ನೌಕರರ ಮಟ್ಟಿಗೆ ಉದಾರವಾಗಿತ್ತು. ಮಗುವಿಗೆ 3 ವರ್ಷ ತುಂಬುವವರೆಗಿನ ಪಾಲನಾ ರಜೆಯನ್ನು ತಾಯಿಯಷ್ಟೇ ಅಲ್ಲ, ತಂದೆ, ಅಜ್ಜಿ, ತಾತ, ಮಗುವನ್ನು ನಿಜವಾಗಿ ನೋಡಿಕೊಳ್ಳುವ ಯಾವ ಸಂಬಂಧಿಯಾದರೂ ತೆಗೆದುಕೊಳ್ಳಬಹುದಿತ್ತು. ಸೈನಿಕರಿಗೆ ಮಾತ್ರ ಬೇರೆ ಲೆಕ್ಕ. 1998ರ ಸೈನಿಕರ ಸ್ಥಾನಮಾನ ಕಾಯ್ದೆ ಈ ರಜೆಯನ್ನು ಮಹಿಳಾ ಸಿಬ್ಬಂದಿಗೆ ಕೊಟ್ಟಿತು. ಪುರುಷರ ಪಾಲಿಗೆ 1999ರ ನಿಯಮಾವಳಿಯಲ್ಲಿ ಇದ್ದದ್ದು 3 ತಿಂಗಳು. ಅದೂ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದರೆ, ಅಥವಾ ಮಗು ತಾಯಿಯ ಆರೈಕೆ ಇಲ್ಲದೆ ಉಳಿದಿದ್ದರೆ ಮಾತ್ರ.

ಇಲ್ಲಿ ಒಂದು ವ್ಯತ್ಯಾಸ ಸ್ಪಷ್ಟವಾಗಬೇಕು. ಹೆರಿಗೆ ರಜೆ ಬೇರೆ, ಶಿಶುಪಾಲನಾ ರಜೆ ಬೇರೆ. ಹೆತ್ತ ಮೈ ಚೇತರಿಸಿಕೊಳ್ಳಬೇಕು, ಹಸುಗೂಸಿಗೆ ಹಾಲೂಡಿಸಬೇಕು. ನಾವು ಬಾಣಂತನ ಅನ್ನುವ ಆ ಅವಧಿಯ ರಜೆ ತಾಯಿಗೆ ಮಾತ್ರ ಸಿಕ್ಕರೆ ಅದರಲ್ಲಿ ತಾರತಮ್ಯವಿಲ್ಲ. ಆದರೆ ಆಮೇಲಿನ ರಜೆ ಇರುವುದು ಮಗುವಿಗೆ ಉಣಿಸಲು, ಮಲಗಿಸಲು, ಜ್ವರ ಬಂದಾಗ ರಾತ್ರಿಯೆಲ್ಲ ಎತ್ತಿಕೊಂಡು ಓಡಾಡಲು. ಅದಕ್ಕೆ ಎರಡು ಕೈ ಬೇಕು, ತಾಳ್ಮೆ ಬೇಕು. ಹೆಂಗಸಿನ ದೇಹವೇ ಆಗಬೇಕೆಂದಿಲ್ಲ. ಮಾರ್ಕಿನ್ ಕೇಳಿದ್ದು ಈ ಎರಡನೆಯದನ್ನು.

ಘಟಕದ ಮುಖ್ಯಸ್ಥರು 3 ತಿಂಗಳು ಕೊಟ್ಟರು. ನವೆಂಬರ್ 23ರಂದು, ಮಗುವಿಗೆ 54 ದಿನ ಆಗಿದ್ದಾಗ, ಅದನ್ನೂ ಮೊಟಕುಗೊಳಿಸಿ ಕೆಲಸಕ್ಕೆ ವಾಪಸ್ ಕರೆದರು. ಮಾರ್ಕಿನ್ ನ್ಯಾಯಾಲಯಕ್ಕೆ ಹೋದರು. 2006ರ ಮಾರ್ಚ್‌ನಲ್ಲಿ ಪುಷ್ಕಿನ್ ಪಟ್ಟಣದ ಸೇನಾ ನ್ಯಾಯಾಲಯ ಉಳಿದ 39 ಕೆಲಸದ ದಿನಗಳ ರಜೆ ಅವರ ಹಕ್ಕು ಎಂದಿತು. ಏಪ್ರಿಲ್‌ನಲ್ಲಿ ಮೇಲಿನ ಸೇನಾ ನ್ಯಾಯಾಲಯ ಅದನ್ನೂ ರದ್ದು ಮಾಡಿತು. 3 ವರ್ಷದ ರಜೆಯ ಮುಖ್ಯ ಬೇಡಿಕೆ ಎರಡೂ ಕಡೆ ಬಿದ್ದುಹೋಯಿತು. ಕಾನೂನಿನಲ್ಲಿ ಪುರುಷರಿಗೆ ಅಂಥ ರಜೆಯೇ ಇಲ್ಲ, ಮಕ್ಕಳು ತಾಯಿಯಿಲ್ಲದೆ ಉಳಿದಿದ್ದಾರೆ ಎಂದು ಅರ್ಜಿದಾರ ಸಾಬೀತು ಮಾಡಿಲ್ಲ ಎಂಬುದು ಕಾರಣ. ಈ ನಡುವೆ ಪದೇ ಪದೇ ಗೈರಾಗುತ್ತಿದ್ದಾರೆ ಎಂದು ಅವರ ಮೇಲೆ ಶಿಸ್ತುಕ್ರಮಗಳೂ ಆದವು.

ಆಮೇಲೆ ಕಥೆ ವಿಚಿತ್ರವಾಗಿ ತಿರುಗಿತು. 2006ರ ಅಕ್ಟೋಬರ್ 24ರಂದು ಅದೇ ಘಟಕದ ಮುಖ್ಯಸ್ಥರು, ಕುಟುಂಬದ ಕಷ್ಟ ನೋಡಿ, ಮಗುವಿಗೆ 3 ವರ್ಷ ತುಂಬುವ ದಿನದವರೆಗೆ, ಅಂದರೆ 2008ರ ಸೆಪ್ಟೆಂಬರ್ 30ರವರೆಗೆ, ರಜೆ ಮಂಜೂರು ಮಾಡಿದರು. ಮರುದಿನ 2,00,000 ರೂಬಲ್ ಸಹಾಯಧನವೂ ಬಂತು. ಅಷ್ಟು ಹೊತ್ತಿಗೆ ಮಗುವಿಗೆ 1 ವರ್ಷ 24 ದಿನ. ಎದ್ದು ನಿಂತು ಹೆಜ್ಜೆಯಿಡುವ ವಯಸ್ಸು. ಕೊನೆಗಾದರೂ ಸಿಕ್ಕಿತಲ್ಲ ಅನ್ನುವಷ್ಟರಲ್ಲಿ, ಡಿಸೆಂಬರ್ 8ರಂದು ಪುಷ್ಕಿನ್‌ನ ಸೇನಾ ನ್ಯಾಯಾಲಯ ಆ ಮುಖ್ಯಸ್ಥರನ್ನೇ ಆಕ್ಷೇಪಿಸಿ ಆದೇಶ ಹೊರಡಿಸಿತು. ರಜೆಗೆ ಹಕ್ಕಿಲ್ಲ ಎಂದು ಮೇಲಿನ ನ್ಯಾಯಾಲಯ ಹೇಳಿದ ಮೇಲೂ ಕೊಟ್ಟದ್ದು ಕಾನೂನುಬಾಹಿರ ಎಂದಿತು. ಇಡೀ ಕಡತದಲ್ಲಿ ನಾನು ಮತ್ತೆ ಮತ್ತೆ ತಿರುಗಿ ಓದುವ ಪುಟ ಇದು. ಮಗುವಿನ ಮುಖ ನೋಡಿ ಒಬ್ಬ ಅಧಿಕಾರಿ ಬಗ್ಗಿದರೆ, ಬಗ್ಗಿದ್ದಕ್ಕೆ ಬೈಗುಳ. ಹಕ್ಕು ಎಂದು ಬರೆದಿಡದ ಸೌಲಭ್ಯ ಎಷ್ಟು ಬಡಕಲು ಅನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ಹೀಗೆ ರಜೆ ಕೊಟ್ಟದ್ದನ್ನೇ ಮುಂದಿಟ್ಟುಕೊಂಡು ಸರ್ಕಾರ ಸ್ಟ್ರಾಸ್‌ಬರ್ಗ್‌ನಲ್ಲಿ, ‘ಈತ ಈಗ ಸಂತ್ರಸ್ತನೇ ಅಲ್ಲ’ ಎಂದೂ ವಾದಿಸಿತು. ಮಹಾಪೀಠ ಒಪ್ಪಲಿಲ್ಲ. ಕೊಟ್ಟದ್ದು ದಯೆಯಿಂದ, ಹಕ್ಕಿನ ಉಲ್ಲಂಘನೆಯನ್ನು ಯಾರೂ ಒಪ್ಪಿಕೊಂಡಿರಲಿಲ್ಲ. ಸಿಕ್ಕಿದ್ದೂ ಒಂದು ವರ್ಷಕ್ಕೂ ಹೆಚ್ಚು ತಡವಾಗಿ.

2008ರ ಆಗಸ್ಟ್‌ನಲ್ಲಿ ಮಾರ್ಕಿನ್ ರಷ್ಯಾದ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2009ರ ಜನವರಿ 15ರಂದು ಅದು ಅರ್ಜಿ ತಿರಸ್ಕರಿಸಿತು. ಸೇನಾ ಸೇವೆ ವಿಶೇಷ ಬಗೆಯದು. ಅದಕ್ಕೆ ಸೇರುವುದು ಸ್ವಂತ ಇಚ್ಛೆಯಿಂದ. ಸೇರಿದವರು ಕೆಲವು ಹಕ್ಕುಗಳ ಮಿತಿಗೆ ಒಪ್ಪಿರುತ್ತಾರೆ. ಸೇನೆಯಲ್ಲಿ ಮಹಿಳೆಯರ ಸಂಖ್ಯೆ ಕಡಿಮೆ, ಮೇಲಾಗಿ ತಾಯ್ತನದ ಕಾರಣದಿಂದ ಸಮಾಜದಲ್ಲಿ ಅವರ ಪಾತ್ರವೇ ಬೇರೆ, ಆದ್ದರಿಂದ ಅವರಿಗೆ ಮಾತ್ರ ಈ ರಜೆ ಕೊಡುವುದು ತಪ್ಪಲ್ಲ. ಮಗುವನ್ನು ತಾನೇ ಸಾಕಬೇಕೆನ್ನುವ ಯೋಧನಿಗೆ ಕೌಟುಂಬಿಕ ಕಾರಣ ಕೊಟ್ಟು ಅವಧಿಗೆ ಮುಂಚೆ ಸೇವೆ ಬಿಡುವ ಅವಕಾಶ ಇದ್ದೇ ಇದೆ. ಇದು ಆ ನ್ಯಾಯಾಲಯದ ತರ್ಕ.

ಈ ಕೊನೆಯ ಮಾತು ಮೇಲ್ನೋಟಕ್ಕೆ ಸಭ್ಯವಾಗಿದೆ. ಸ್ವಲ್ಪ ಕೆದಕಿದರೆ, ‘ಮಗು ಬೇಕಾ, ಕೆಲಸ ಬೇಕಾ, ನೀನೇ ಆರಿಸಿಕೋ’ ಎಂದಾಯಿತು. ಪಕ್ಕದ ಕುರ್ಚಿಯಲ್ಲಿ ಅದೇ ರೇಡಿಯೊದ ಮುಂದೆ ಕೂತ ಮಹಿಳಾ ಸಿಬ್ಬಂದಿಗೆ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಆಕೆ ಮಗು ಸಾಕಿ ಕೆಲಸಕ್ಕೆ ಮರಳಬಹುದು. ಸೇನೆಯಲ್ಲಿ ಕಲಿತ ವಿದ್ಯೆ ಹೊರಗೆ ಸುಲಭಕ್ಕೆ ಅನ್ನ ಕೊಡುವಂಥದ್ದೂ ಅಲ್ಲ. ಹೊರಗೆ ಬಂದವರಿಗೆ ಅದೇ ಮಟ್ಟದ ಹುದ್ದೆ, ಸಂಬಳ ಸಿಗುವುದು ಕಷ್ಟ ಎಂಬುದನ್ನು ಸ್ಟ್ರಾಸ್‌ಬರ್ಗ್ ಕೂಡ ಗಮನಿಸಿತು.

ಸ್ಟ್ರಾಸ್‌ಬರ್ಗ್‌ನಲ್ಲಿ ಮೊದಲು ಕೇಸು ಏಳು ನ್ಯಾಯಾಧೀಶರ ಪೀಠದ ಮುಂದೆ ಬಂತು. 2010ರ ಅಕ್ಟೋಬರ್ 7ರಂದು ಅದು ಮಾರ್ಕಿನ್ ಪರವಾಗಿ ತೀರ್ಪು ಕೊಟ್ಟಿತು, ಕಾನೂನು ತಿದ್ದುವಂತೆ ರಷ್ಯಾಕ್ಕೆ ಸೂಚಿಸಿತು. ರಷ್ಯಾ ಸರ್ಕಾರ ಒಪ್ಪದೆ 17 ನ್ಯಾಯಾಧೀಶರ ಮಹಾಪೀಠಕ್ಕೆ ಒಯ್ದಿತು. 2012ರ ಮಾರ್ಚ್ 22ರಂದು ಬಂದ ಅಂತಿಮ ತೀರ್ಪಿನಲ್ಲಿ 16 ಮಂದಿ ಉಲ್ಲಂಘನೆಯಾಗಿದೆ ಎಂದರು, ಒಬ್ಬರು ಮಾತ್ರ ಭಿನ್ನ ನಿಲುವು ತಳೆದರು.

ತೀರ್ಪು ನಿಂತದ್ದು ಯೂರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ ಎರಡು ವಿಧಿಗಳನ್ನು ಜೋಡಿಸಿ ಓದಿದ ಮೇಲೆ. 8ನೇ ವಿಧಿ ಖಾಸಗಿ ಮತ್ತು ಕುಟುಂಬ ಜೀವನದ ಗೌರವದ್ದು, 14ನೇ ವಿಧಿ ತಾರತಮ್ಯದ ವಿರುದ್ಧದ್ದು. ಶಿಶುಪಾಲನಾ ರಜೆ ಕೊಡಲೇಬೇಕು ಎಂದು 8ನೇ ವಿಧಿ ಯಾವ ಸರ್ಕಾರಕ್ಕೂ ಹೇಳುವುದಿಲ್ಲ. ಕೊಡದಿದ್ದರೆ ಯಾರಿಗೂ ಕೊಡಬೇಡಿ. ಆದರೆ ಕೊಡಲು ಶುರುಮಾಡಿದ ಮೇಲೆ ಅದು ಕುಟುಂಬ ಜೀವನಕ್ಕೆ ಸಂಬಂಧಿಸಿದ ವಿಷಯ, ಅಲ್ಲಿ 14ನೇ ವಿಧಿ ಬಂದು ಕೂರುತ್ತದೆ. ಊಟಕ್ಕೆ ಕರೆಯುವುದು ಬಿಡುವುದು ಮನೆಯವರ ಇಷ್ಟ. ಎಲೆ ಹಾಕಿ ಕೂರಿಸಿದ ಮೇಲೆ ಪಂಕ್ತಿಭೇದ ಮಾಡಬಾರದು, ಅಷ್ಟೇ ತರ್ಕ.

ಇದೇ ನ್ಯಾಯಾಲಯ 1998ರಲ್ಲಿ ‘ಪೆಟ್ರೊವಿಚ್ ವಿರುದ್ಧ ಆಸ್ಟ್ರಿಯಾ’ ಪ್ರಕರಣದಲ್ಲಿ ಉಲ್ಟಾ ಹೇಳಿತ್ತು. ಅಲ್ಲಿ ಒಬ್ಬ ತಂದೆಗೆ ಪಾಲನಾ ರಜೆಯ ಭತ್ಯೆ ನಿರಾಕರಿಸಿದ್ದು ತಪ್ಪಲ್ಲ, ಯೂರೋಪಿನ ದೇಶಗಳಲ್ಲಿ ಈ ಬಗ್ಗೆ ಇನ್ನೂ ಏಕಾಭಿಪ್ರಾಯ ಮೂಡಿಲ್ಲ ಎಂದಿತ್ತು. ಈಗ ಕಾಲ ಬದಲಾಗಿದೆ ಎಂದಿತು ಮಹಾಪೀಠ. ಹೆಚ್ಚಿನ ಸದಸ್ಯ ದೇಶಗಳಲ್ಲಿ ನಾಗರಿಕ ತಂದೆ ತಾಯಿ ಇಬ್ಬರಿಗೂ ಈ ರಜೆ ಇದೆ, ಸ್ವತಃ ರಷ್ಯಾದಲ್ಲೂ ಇದೆ. ಎಷ್ಟೋ ದೇಶಗಳು ಸೈನಿಕರಿಗೂ ಅದನ್ನು ವಿಸ್ತರಿಸಿವೆ.

ಸರ್ಕಾರದ ವಾದಗಳನ್ನು ಮಹಾಪೀಠ ಒಂದೊಂದಾಗಿ ಬಿಡಿಸಿ ನೋಡಿತು. ಮಹಿಳೆಯ ವಿಶೇಷ ಪಾತ್ರ ಎಂಬ ವಾದಕ್ಕೆ ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಇದು ಹೆಂಗಸರಿಗೆ ಮಾಡಿದ ಉಪಕಾರ, ಹಿಂದುಳಿದವರನ್ನು ಮೇಲೆತ್ತುವ ಕ್ರಮ ಎಂದು ಸರ್ಕಾರ ಬಣ್ಣಿಸಿತ್ತು. ನ್ಯಾಯಾಲಯದ ಪ್ರಕಾರ ಇದು ಯಾರನ್ನೂ ಮೇಲೆತ್ತುವುದಿಲ್ಲ. ಗಂಡು ದುಡಿಯುವವನು, ಹೆಣ್ಣು ಮಕ್ಕಳನ್ನು ನೋಡಿಕೊಳ್ಳುವವಳು ಎಂಬ ಹಳೆಯ ಅಚ್ಚನ್ನೇ ಗಟ್ಟಿ ಮಾಡುತ್ತದೆ. ಅದರಿಂದ ಗಂಡಿನ ಕುಟುಂಬ ಜೀವನಕ್ಕೆ ಎಷ್ಟು ಪೆಟ್ಟೋ ಹೆಣ್ಣಿನ ಉದ್ಯೋಗಕ್ಕೂ ಅಷ್ಟೇ ಪೆಟ್ಟು.

ಸೇನೆಯ ಸನ್ನದ್ಧತೆಯ ವಾದ ಹೆಚ್ಚು ತೂಕದ್ದು. ಗಂಡಸರೆಲ್ಲ ಒಟ್ಟಿಗೆ 3 ವರ್ಷ ರಜೆ ಹಾಕಿದರೆ ಗಡಿ ಕಾಯುವವರು ಯಾರು? ಮಹಾಪೀಠ ಇದನ್ನು ತಳ್ಳಿಹಾಕಲಿಲ್ಲ, ಲೆಕ್ಕ ಕೇಳಿತು. ಎಷ್ಟು ಮಂದಿ ಯೋಧರು ನಿಜಕ್ಕೂ ರಜೆ ಕೇಳುವ ಸ್ಥಿತಿಯಲ್ಲಿದ್ದಾರೆ, ಎಷ್ಟು ಮಂದಿ ಕೇಳಬಹುದು ಎಂಬ ಪರಿಶೀಲನೆಯನ್ನು ಸಾಂವಿಧಾನಿಕ ನ್ಯಾಯಾಲಯವೂ ಮಾಡಿರಲಿಲ್ಲ. ಘಟಕದಲ್ಲಿರುವ ಗಂಡಸರೆಲ್ಲ ಮಕ್ಕಳಾಗುವ ವಯಸ್ಸಿನವರು ಎಂದಮಾತ್ರಕ್ಕೆ ಸಾಲದು. ಇನ್ನು ಮಾರ್ಕಿನ್ ಹುದ್ದೆಯನ್ನು ಮಹಿಳೆಯರೂ ನಿಭಾಯಿಸುತ್ತಿದ್ದರು, ಅವರಿಗೆ ಈ ರಜೆ ನಿರ್ಬಂಧವಿಲ್ಲದೆ ಸಿಗುತ್ತಿತ್ತು. ಆ ಕುರ್ಚಿಯಿಂದ ಒಬ್ಬ ಹೆಂಗಸು 3 ವರ್ಷ ಎದ್ದುಹೋದರೆ ಕುಸಿಯದ ಸನ್ನದ್ಧತೆ, ಗಂಡಸು ಎದ್ದುಹೋದರೆ ಕುಸಿಯುವುದು ಹೇಗೆ? ಮೊದಲು ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಗುತ್ತಿಗೆಗೆ ಸಹಿ ಹಾಕಿದಾಗಲೇ ಹಕ್ಕು ಬಿಟ್ಟುಕೊಟ್ಟಂತೆ ಎಂಬ ವಾದಕ್ಕೆ ಉತ್ತರ ಚಿಕ್ಕದು: ಲಿಂಗತಾರತಮ್ಯಕ್ಕೆ ಒಳಗಾಗದಿರುವ ಹಕ್ಕು ಸಹಿ ಹಾಕಿ ಬಿಟ್ಟುಕೊಡಬಹುದಾದ ಹಕ್ಕಲ್ಲ.

ಹಾಗೆಂದು ಮಹಾಪೀಠ ಸೇನೆಯ ಕೈ ಕಟ್ಟಿಹಾಕಲಿಲ್ಲ. ಪದವಿಯ ಕಾರಣದಿಂದಲೋ ಅಪರೂಪದ ತಾಂತ್ರಿಕ ಪರಿಣತಿಯಿಂದಲೋ ಬದಲಿ ಸಿಗದವರು, ಸಕ್ರಿಯ ಕಾರ್ಯಾಚರಣೆಯಲ್ಲಿ ಇರುವವರು, ಇಂಥವರಿಗೆ ರಜೆ ತಡೆಹಿಡಿಯಬಹುದು. ತಡೆ ಹುದ್ದೆ ನೋಡಿ ಬರಬೇಕು, ಗಂಡೋ ಹೆಣ್ಣೋ ನೋಡಿ ಅಲ್ಲ. ಪರಿಹಾರವಾಗಿ 3,000 ಯೂರೊ, ಖರ್ಚಿಗೆ 3,150 ಯೂರೊ ಕೊಡಿಸಿತು. ಆರೂವರೆ ವರ್ಷದ ಹೋರಾಟಕ್ಕೆ ದೊಡ್ಡ ಮೊತ್ತವೇನಲ್ಲ.

ಇಷ್ಟಾದರೂ ಒಂದು ಅಂಶ ನನ್ನನ್ನು ಕಾಡುತ್ತದೆ, ಅದರ ಮೇಲೆ ವ್ಯಾಖ್ಯಾನಕಾರರು ಹೆಚ್ಚು ಬರೆದಂತೆ ಕಾಣುವುದಿಲ್ಲ. ಸಾಕ್ಷ್ಯದ ಹೊರೆ. ರಷ್ಯಾದ ನಿಯಮದಲ್ಲಿ ಮಹಿಳಾ ಸೈನಿಕರಿಗೆ ರಜೆ ಬೇಕಾದರೆ ಗಂಡ ಮನೆಯಲ್ಲಿದ್ದಾನೋ ಬಿಟ್ಟುಹೋಗಿದ್ದಾನೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಗಂಡಸು ಮಾತ್ರ ತಾಯಿ ಇಲ್ಲ ಎಂಬುದನ್ನು ತೋರಿಸಬೇಕಿತ್ತು. ಅಂದರೆ ಕಾನೂನಿನ ಕಣ್ಣಲ್ಲಿ ಅಪ್ಪ ಅನ್ನುವವನು ಸ್ಟೆಪ್ನಿ ಟೈರು. ಮೂಲದ ಟೈರು ಪಂಚರ್ ಆಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಡಿಕ್ಕಿಯಿಂದ ಹೊರಗೆ ತೆಗೆಯುವುದು. ಒಮ್ಮೆ ನಿಯಮ ಹೀಗೆ ಬರೆದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಹೆಂಡತಿ ನಿಜಕ್ಕೂ ಬೇರೆ ಇದ್ದಾಳಾ, ರಾತ್ರಿ ಬಂದು ಹೋಗುತ್ತಾಳಾ ಎಂಬ ವಿಚಾರಣೆ ಶುರುವಾಗುತ್ತದೆ. 2011ರಲ್ಲಿ, ಮಹಾಪೀಠದ ವಿಚಾರಣೆಗೆ ಸ್ವಲ್ಪ ಮುಂಚೆ, ಸೇನಾ ಪ್ರಾಸಿಕ್ಯೂಟರ್ ಒಬ್ಬರು ಮಾರ್ಕಿನ್ ಮನೆಗೇ ಹೋಗಿ ಕುಟುಂಬದ ವಿವರ ಕೇಳಿದರು. ಅರ್ಜಿ ಹಿಂತೆಗೆಸುವ ಒತ್ತಡ ಅದರಲ್ಲಿತ್ತು ಎಂಬುದಕ್ಕೆ ಆಧಾರವಿಲ್ಲ ಎಂದು ಮಹಾಪೀಠ ಹೇಳಿತು. ಇರಬಹುದು. ಆದರೆ ಆ ಬಾಗಿಲು ತಟ್ಟುವ ಕೆಲಸ ಹುಟ್ಟಿದ್ದು ಎಲ್ಲಿಂದ ಎಂದರೆ, ತಾಯಿ ಇಲ್ಲದಿದ್ದರೆ ಮಾತ್ರ ಎಂಬ ಆ ಷರತ್ತಿನಿಂದ.

ನಮ್ಮ ಕಡೆಯೂ ಈ ಷರತ್ತು ಅಪರಿಚಿತವಲ್ಲ. ಕೇಂದ್ರ ಸರ್ಕಾರಿ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಇದೆ. ಪುರುಷರ ಪೈಕಿ ಅದು ಸಿಗುವುದು ಒಂಟಿ ತಂದೆಗೆ, ಅಂದರೆ ಅವಿವಾಹಿತ, ವಿಧುರ ಅಥವಾ ವಿಚ್ಛೇದಿತನಿಗೆ ಮಾತ್ರ. 2019ರ ಜುಲೈನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಈ ಸೌಲಭ್ಯವನ್ನು ಸೇನಾಪಡೆಗಳ ಒಂಟಿ ತಂದೆಯರಿಗೂ ವಿಸ್ತರಿಸಲು ಒಪ್ಪಿಗೆ ಕೊಟ್ಟರು. 2023ರ ನವೆಂಬರ್‌ನಲ್ಲಿ ಮಹಿಳಾ ಯೋಧರು, ನಾವಿಕರು, ವಾಯುಯೋಧರಿಗೆ ಅಧಿಕಾರಿಗಳ ಸಮಾನವಾಗಿ ಹೆರಿಗೆ ಮತ್ತು ಪಾಲನಾ ರಜೆ ಬಂತು. ಒಳ್ಳೆಯ ಹೆಜ್ಜೆಗಳೇ. ಆದರೆ ಹೆಂಡತಿ ಬೇರೆ ಊರಲ್ಲಿ ಕೆಲಸದಲ್ಲಿದ್ದು ಮಗುವನ್ನು ತಾನು ನೋಡಿಕೊಳ್ಳಬೇಕಾದ ಮಡಿಕೇರಿಯ ಹವಾಲ್ದಾರನಿಗೆ ಆ 730 ದಿನದಲ್ಲಿ ಒಂದು ದಿನವೂ ಇಲ್ಲ. ಸಂವಿಧಾನದ 33ನೇ ವಿಧಿ ಸೇನಾಪಡೆಗಳ ವಿಷಯದಲ್ಲಿ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲು ಸಂಸತ್ತಿಗೆ ಅಧಿಕಾರ ಕೊಡುತ್ತದೆ, ನಿಜ. ಅದೇ ವಿಧಿಯ ನೆರಳಿನಲ್ಲೇ 2020ರ ಫೆಬ್ರವರಿ 17ರಂದು ಬಬಿತಾ ಪುನಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗರ್ಭ, ತಾಯ್ತನ, ಮನೆವಾರ್ತೆಯ ನೆಪ ಹೇಳಿ ಮಹಿಳಾ ಅಧಿಕಾರಿಗಳಿಗೆ ಶಾಶ್ವತ ಕಮಿಷನ್ (ನಿವೃತ್ತಿಯವರೆಗೆ ಸೇವೆಯಲ್ಲಿರುವ ಅವಕಾಶ) ತಪ್ಪಿಸುವುದು ಹಳೆಯ ಲಿಂಗಕಲ್ಪನೆಯ ಮಾತು ಎಂದು ಕೇಂದ್ರದ ವಾದವನ್ನು ತಳ್ಳಿಹಾಕಿತು. ಅಲ್ಲಿ ಮಗು ಹೆಂಗಸಿನದು, ಆದ್ದರಿಂದ ಆಕೆಗೆ ಸೇನೆ ಬೇಡ. ಇಲ್ಲಿ ಮಗು ಹೆಂಗಸಿನದು, ಆದ್ದರಿಂದ ಈತನಿಗೆ ರಜೆ ಬೇಡ. ಎರಡೂ ಒಂದೇ ನಾಣ್ಯ.

ರಷ್ಯಾದಲ್ಲಿ ಮುಂದೇನಾಯಿತು ಎಂಬುದು ರಜೆಯ ಕಥೆಗಿಂತ ದೊಡ್ಡದಾಗಿ ಬೆಳೆಯಿತು. 2010ರ ತೀರ್ಪು ಬಂದ ತಿಂಗಳಲ್ಲೇ ಸಾಂವಿಧಾನಿಕ ನ್ಯಾಯಾಲಯದ ಅಧ್ಯಕ್ಷ ವಲೇರಿ ಜೋರ್ಕಿನ್ ಪತ್ರಿಕೆಯಲ್ಲಿ ಕಟುವಾದ ಲೇಖನ ಬರೆದರು. ತಮ್ಮ ನ್ಯಾಯಾಲಯ ಸರಿ ಎಂದದ್ದನ್ನು ಸ್ಟ್ರಾಸ್‌ಬರ್ಗ್ ತಪ್ಪು ಎಂದದ್ದು ಅವರಿಗೆ ಸಹಿಸಲಾಗಲಿಲ್ಲ, ಬಿಟ್ಟುಕೊಡುವುದಕ್ಕೂ ಒಂದು ಮಿತಿ ಇದೆ ಎಂಬ ಧಾಟಿ. 2012ರ ಬಳಿಕ ಮಾರ್ಕಿನ್ ತಮ್ಮ ಹಳೆಯ ಕೇಸನ್ನು ಮತ್ತೆ ತೆರೆಯುವಂತೆ ಕೇಳಿದಾಗ ಸೇನಾ ನ್ಯಾಯಾಲಯಕ್ಕೆ ಯಾರ ಮಾತು ಕೇಳಬೇಕೆಂಬ ಪೇಚು. ಅದು ಸಾಂವಿಧಾನಿಕ ನ್ಯಾಯಾಲಯವನ್ನೇ ಕೇಳಿತು. 2013ರ ಡಿಸೆಂಬರ್ 6ರಂದು ಸಿಕ್ಕ ಉತ್ತರ: ಕೇಸು ಮತ್ತೆ ತೆರೆಯಲು ನಿರಾಕರಿಸುವಂತಿಲ್ಲ, ಆದರೆ ತೀರ್ಪು ಜಾರಿಗೆ ನಮ್ಮ ಕಾನೂನು ಅಡ್ಡ ಬಂದರೆ ಮೊದಲು ನಮ್ಮ ಬಳಿ ಬನ್ನಿ. ಅದೇ ಸಾಂವಿಧಾನಿಕ ನ್ಯಾಯಾಲಯದ 2015ರ ಜುಲೈನ ಇನ್ನೊಂದು ತೀರ್ಪು ಇದೇ ದಾರಿಯಲ್ಲಿ ಮುಂದೆ ಹೋಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಬಂದ ಕಾಯ್ದೆ, ಸ್ಟ್ರಾಸ್‌ಬರ್ಗ್ ತೀರ್ಪನ್ನು ಜಾರಿ ಮಾಡಲಾಗದು ಎಂದು ಘೋಷಿಸುವ ಅಧಿಕಾರವನ್ನೇ ಸಾಂವಿಧಾನಿಕ ನ್ಯಾಯಾಲಯಕ್ಕೆ ಕೊಟ್ಟಿತು. ಒಂದು ಕೂಸಿಗೆ ಹಾಲು ಕಾಯಿಸಲು ಕೇಳಿದ ರಜೆ ದೇಶದ ಸಾರ್ವಭೌಮತ್ವದ ಜಗಳವಾಗಿ ಕೂತಿತು.

ಬೇರೆಡೆ ತೀರ್ಪು ತನ್ನ ಕೆಲಸ ಮಾಡಿತು. 2012ರ ಅಕ್ಟೋಬರ್‌ನಲ್ಲೇ ರೊಮೇನಿಯಾದ ಯೋಧರೊಬ್ಬರು ಇದರ ಬಲದ ಮೇಲೆ ‘ಹುಲೆಯಾ’ ಪ್ರಕರಣ ಗೆದ್ದರು. ರಷ್ಯಾದಲ್ಲೇ ನಾಲ್ವರು ಪೊಲೀಸರು ಇದೇ ದೂರು ಒಯ್ದರು. ಪೊಲೀಸ್ ಇಲಾಖೆಯ ಪುರುಷರಿಗೂ ಮಗು ತಾಯಿಯ ಆರೈಕೆಯಿಲ್ಲದೆ ಉಳಿದರೆ ಮಾತ್ರ ರಜೆ. ಸರ್ಕಾರ ಮತ್ತೆ ಸೇವೆಯ ವಿಶೇಷತೆಯನ್ನು ಹೇಳಿತು, ನ್ಯಾಯಾಲಯ 2021ರ ಜುಲೈ 6ರಂದು ಮತ್ತೆ ಉಲ್ಲಂಘನೆ ಎಂದಿತು. ಮಹಾಪೀಠದ ತೀರ್ಪು ಬಂದು ಅಷ್ಟರಲ್ಲಿ ಒಂಬತ್ತು ವರ್ಷ ಕಳೆದಿತ್ತು. ಮರುವರ್ಷ ಮಾರ್ಚ್‌ನಲ್ಲಿ, ಉಕ್ರೇನ್ ಮೇಲಿನ ದಾಳಿಯ ಬೆನ್ನಲ್ಲೇ, ರಷ್ಯಾ ಈ ನ್ಯಾಯಾಲಯದ ಮಾತೃಸಂಸ್ಥೆಯಾದ ಯೂರೋಪ್ ಮಂಡಳಿಯಿಂದ ಹೊರಬಿತ್ತು. 2022ರ ಸೆಪ್ಟೆಂಬರ್ 16ರಿಂದ ಅದು ಆ ಒಡಂಬಡಿಕೆಯ ಸದಸ್ಯನೂ ಅಲ್ಲ. ಅಲ್ಲಿಂದಾಚೆಗೆ ಘಟಕದ ಮುಖ್ಯಸ್ಥರು ‘ಇಲ್ಲ’ ಎಂದರೆ ರಷ್ಯಾದ ಯೋಧ ಸ್ಟ್ರಾಸ್‌ಬರ್ಗ್‌ಗೆ ಬರೆಯುವ ಹಾಗಿಲ್ಲ.